ಹೊರವಲಯವೇ ಊರಾದ ಕಥೆ: ದಾವಣಗೆರೆಯ ಬಡಾವಣೆಗಳಲ್ಲಿ ಉಳಿದದ್ದೇನು, ಕೈಬಿಟ್ಟು ಹೋಗುತ್ತಿರುವುದೇನು?

ದಾವಣಗೆರೆ ಒಂದು ಕಾಲಕ್ಕೆ ಬೇತೂರಿನ ಹೊರವಲಯದ ಸಣ್ಣ ಹಳ್ಳಿ. ಇವತ್ತು ಬೇತೂರೇ ದಾವಣಗೆರೆಯ ಹೊರವಲಯ. ಹಳೇ ಪೇಟೆಯಿಂದ ಆ ಕಡೆ ಹೋಗುವ ದಾರಿಗೆ ಬೇತೂರು ರಸ್ತೆ ಅಂತಾರೆ. ದಿನಾ ಅದರಲ್ಲಿ ಓಡಾಡುವ ಎಷ್ಟೋ ಜನಕ್ಕೆ ದೊಡ್ಡ ಊರು ಆ ತುದಿಯಲ್ಲಿತ್ತು, ಈ ತುದಿಯಲ್ಲಿ ಏನೂ ಇರಲಿಲ್ಲ ಅನ್ನೋದು ಗೊತ್ತಿಲ್ಲ. ಹೊಸ ಬಡಾವಣೆಗಳ ಬಗ್ಗೆ ಮಾತಾಡುವಾಗ "ಅಲ್ಲೇನು ಚರಿತ್ರೆ ಇದೆ, ಮೊನ್ನೆ ಮೊನ್ನೆ ಎದ್ದ ಮನೆಗಳು" ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಹಾಗೆ ನೋಡಿದರೆ ದಾವಣಗೆರೆಯ ಚರಿತ್ರೆ ಪೂರ್ತಿ ಹೊರವಲಯದ್ದೇ. ಊರಿನ ಅಂಚಿನಲ್ಲಿ ಯಾರೋ ಏನನ್ನೋ ಕಟ್ಟಿದರು, ಅದರ ಸುತ್ತ ಜನ ಸೇರಿದರು, ಅಂಚು ಮುಂದಕ್ಕೆ ಹೋಯಿತು.

ಈಗ ಈ ವಿಷಯ ಎತ್ತಲು ಕಾರಣ ಇದೆ. 2025ರಲ್ಲಿ ರಾಜ್ಯ ಸರ್ಕಾರ ನಗರಗಳ ಅನಧಿಕೃತ ಬಡಾವಣೆಗಳ ಆಸ್ತಿಗಳಿಗೆ ಬಿ-ಖಾತೆ, ಅಂದರೆ ತೆರಿಗೆ ಕಟ್ಟಲು ಬೇಕಾದ ಪಾಲಿಕೆಯ ದಾಖಲೆ ಕೊಡುವ ಅಭಿಯಾನ ಶುರುಮಾಡಿತು. ಇಷ್ಟು ವರ್ಷ ಲೆಕ್ಕಕ್ಕೇ ಸಿಗದಿದ್ದ ಮನೆ, ಸೈಟುಗಳು ಪಾಲಿಕೆಯ ಪುಸ್ತಕಕ್ಕೆ ಬರತೊಡಗಿದವು. ಊರಿನ ಸುತ್ತ ಹೊಲಗದ್ದೆಗಳಲ್ಲಿ ಎದ್ದ ಮನೆಗಳೆಲ್ಲ ಇನ್ನುಮುಂದೆ ಅಧಿಕೃತವಾಗಿ ನಮ್ಮ ಊರಿನ ಲೆಕ್ಕಕ್ಕೆ ಸೇರುತ್ತವೆ. ಆದರೆ ಒಂದು ಬಡಾವಣೆ ನಿಜವಾಗಿ ಊರಾಗುವುದು ಖಾತೆಯಿಂದಲೋ, ಬೇರೆ ಯಾವುದರಿಂದಲೋ? ದಾವಣಗೆರೆ ಈ ಪ್ರಶ್ನೆಯನ್ನು ಹಿಂದೆ ಹಲವು ಸಲ ಎದುರಿಸಿದೆ, ಒಳ್ಳೆಯ ಉತ್ತರಗಳನ್ನೂ ಕೊಟ್ಟಿದೆ.

ಮೊದಲ ಉತ್ತರ ವ್ಯಾಪಾರ. ಉಚ್ಚಂಗಿಯ ಪಾಂಡ್ಯರು ನೊಳಂಬವಾಡಿ ಸೀಮೆಯನ್ನು ಆಳುತ್ತಿದ್ದ ಕಾಲದಿಂದಲೂ ಬೇತೂರು ಹೆಸರಿದ್ದ ಊರು. ದಾವಣಗೆರೆಗೆ ದೆಸೆ ತಿರುಗಿದ್ದು ಹೈದರಾಲಿ ಕಾಲದಲ್ಲಿ. ಆತ ಈ ಹಳ್ಳಿಯನ್ನು ಅಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಅಪೋಜಿರಾಮ್ ಕೋಟೆ ಕೊತ್ತಲದ ಕಡೆ ಹೋಗಲಿಲ್ಲ. ವ್ಯಾಪಾರಿಗಳನ್ನು ಕರೆದು ಇಲ್ಲಿ ನೆಲೆ ನಿಲ್ಲಲು ಒತ್ತಾಸೆ ಕೊಟ್ಟ. ಅವನಿಗೆ ಮಕ್ಕಳಿರಲಿಲ್ಲ, ಜಹಗೀರು ಅವನೊಂದಿಗೇ ಮುಗಿಯಿತು. ಅವನು ಕರೆತಂದ ಪೇಟೆ ಮಾತ್ರ ಬೆಳೆಯುತ್ತಲೇ ಹೋಯಿತು. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಗೆ ಬಂದು ಪೂರ್ವಕ್ಕೆ ಹೋಗುತ್ತಿತ್ತು. ಅಲ್ಲಿಂದ ಬಟ್ಟೆ, ಉಪ್ಪು ಬರುತ್ತಿತ್ತು. ಇಲ್ಲಿನ ಕಂಬಳಿಗೂ ದೂರದೂರಕ್ಕೆ ಹೆಸರಿತ್ತು. 1870ರಲ್ಲಿ ಪುರಸಭೆ ಆಯಿತು. ಹರಿಹರ, ಹುಬ್ಬಳ್ಳಿ ಕಡೆಯ ರೈಲು ಬಂತು. ಆದರೂ 1901ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಬರೀ 10,402. 2011ರಲ್ಲಿ ಅದು 4.35 ಲಕ್ಷದ ಹತ್ತಿರ. ಅಂದರೆ ಇವತ್ತು ನಾವು ದಾವಣಗೆರೆ ಅನ್ನುವುದರಲ್ಲಿ ಹಳೇ ಪೇಟೆಯ ಪಾಲು ಬಹಳ ಕಡಿಮೆ. ಮಂಡಿಪೇಟೆ, ಚೌಕಿಪೇಟೆ, ಹಗೇದಿಬ್ಬ ಇಷ್ಟು ಬಿಟ್ಟರೆ ಉಳಿದದ್ದೆಲ್ಲ ಒಂದಲ್ಲ ಒಂದು ಕಾಲದ ಹೊರವಲಯವೇ.

ಪಿ.ಜೆ. ಬಡಾವಣೆ ಹೇಳಿಕೊಡುವ ಪಾಠ

ರೈಲು ಹಳಿಯ ಆ ಕಡೆ ಹಳೇ ದಾವಣಗೆರೆ, ಈ ಕಡೆ ಹೊಸ ದಾವಣಗೆರೆ. ಈಗಲೂ ಜನ ಹಾಗೇ ಮಾತಾಡೋದು. ಈ ಕಡೆಯ ಬಡಾವಣೆಗಳಲ್ಲಿ ಹಿರಿಯದು ಪಿ.ಜೆ. ಬಡಾವಣೆ. ಪೂರ್ತಿ ಹೆಸರು ಪ್ರಿನ್ಸ್ ಜಯಚಾಮರಾಜ ಬಡಾವಣೆ. ಜಯಚಾಮರಾಜ ಒಡೆಯರ್ ಪಟ್ಟಕ್ಕೆ ಬಂದದ್ದು 1940ರಲ್ಲಿ. ಅವರನ್ನು ಪ್ರಿನ್ಸ್ ಎಂದು ಕರೆದ ಬಡಾವಣೆ ಅಂದಮೇಲೆ ಹೆಸರು ಅದಕ್ಕೂ ಹಿಂದಿನದೇ ಇರಬೇಕು. ಪ್ಲೇಗ್ ಬಂದು ಹೋದಮೇಲೆ ಮೈಸೂರು ಸಂಸ್ಥಾನದಲ್ಲಿ ಇಕ್ಕಟ್ಟಿನ ಪೇಟೆಗಳ ಆಚೆ ಗಾಳಿ ಬೆಳಕಿನ ಎಕ್ಸ್‌ಟೆನ್ಷನ್ ಮಾಡುವ ಪರಿಪಾಠ ಬೆಳೆದಿತ್ತು. ನೇರ ರಸ್ತೆಗಳು, ಅದಕ್ಕೆ ಅಡ್ಡರಸ್ತೆಗಳು, ಮನೆ ಹಿಂದೆ ಒಂದು ಕನ್ಸರ್ವೆನ್ಸಿ.

ಈ ಕನ್ಸರ್ವೆನ್ಸಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಎರಡು ಸಾಲು ಮನೆಗಳ ಬೆನ್ನಿಗೆ ಬೆನ್ನು ತಾಗುವ ಕಡೆ ಬಿಟ್ಟಿರುವ ಕಿರಿದಾದ ಗಲ್ಲಿ ಅದು. ಕಟ್ಟಿದ ಕಾಲದಲ್ಲಿ ಪಾಯಖಾನೆ ಸ್ವಚ್ಛ ಮಾಡುವವರು ಮನೆಯ ಮುಂಬಾಗಿಲಿಗೆ ಬರದೆ ಹಿಂದಿನಿಂದಲೇ ಬಂದುಹೋಗಲಿ ಅಂತ ಮಾಡಿದ್ದು. ಅದರ ಹಿಂದಿನ ಜಾತಿಯ ಕ್ರೌರ್ಯವನ್ನು ಮರೆಯುವ ಹಾಗಿಲ್ಲ. ಒಳಚರಂಡಿ ಬಂದಮೇಲೆ ಆ ಕೆಲಸ ನಿಂತಿತು, ಗಲ್ಲಿ ಉಳಿಯಿತು. ಆಮೇಲೆ ಕೆಲವರು ಅದಕ್ಕೆ ಗೋಡೆ ಎಬ್ಬಿಸಿದರು, ಕೆಲವರು ಜನರೇಟರ್ ಇಟ್ಟರು, ಬಹಳ ಕಡೆ ಕಸದ ಗುಂಡಿಯಾಯಿತು. ಸ್ಮಾರ್ಟ್ ಸಿಟಿ ಕಾಲದಲ್ಲಿ ಇವನ್ನು ಸರಿಪಡಿಸುವ ಮಾತು ಬಂದಾಗ ಎಲ್ಲರಿಗೂ ಇದರ ನೆನಪಾಯಿತು. ನೆಲದಡಿಯ ಪೈಪು, ಕೇಬಲ್ಲುಗಳಿಗೆ ಇದಕ್ಕಿಂತ ಒಳ್ಳೆ ಜಾಗ ಇನ್ನೆಲ್ಲಿದೆ? ರಸ್ತೆ ಅಗೆಯಬೇಕಿಲ್ಲ, ಓಡಾಟ ನಿಲ್ಲಿಸಬೇಕಿಲ್ಲ. ಯಾವುದೋ ಕಾರಣಕ್ಕೆ ಎಲ್ಲರದೆಂದು ಬಿಟ್ಟ ಜಾಗ ಎಷ್ಟೋ ದಶಕಗಳ ನಂತರ, ಬಿಟ್ಟವರು ಯೋಚಿಸದೇ ಇದ್ದ ಕೆಲಸಕ್ಕೆ ಬರುತ್ತೆ. ಮೊದಲೇ ಬಿಡದಿದ್ದರೆ ಈಗ ಎಷ್ಟು ಕೋಟಿ ಕೊಟ್ಟರೂ ಆ ಗಲ್ಲಿ ಸಿಗುತ್ತಿರಲಿಲ್ಲ.

ಪಿ.ಜೆ. ಬಡಾವಣೆ ಮತ್ತು ಅದರ ಅಕ್ಕಪಕ್ಕದ ಹೆಗ್ಗುರುತುಗಳನ್ನು ನೋಡಿದರೆ ಇನ್ನೊಂದು ವಿಷಯ ಕಾಣುತ್ತೆ. ಎ.ವಿ. ಕಮಲಮ್ಮ ಮಹಿಳಾ ಕಾಲೇಜು ಇದೆ. ಪಿ.ಬಿ. ರಸ್ತೆಯಲ್ಲಿ ರಾಜನಹಳ್ಳಿ ಹನುಮಂತಪ್ಪ ಛತ್ರ, ಅದೇ ಮನೆತನದ ಹೆಸರು ಹೊತ್ತ ಧರ್ಮರತ್ನಾಕರ ರಾಜನಹಳ್ಳಿ ಮದ್ದೂರಾಯಪ್ಪ ಕಾಲೇಜು, ಅಂದರೆ ನಮ್ಮ ಡಿ.ಆರ್.ಎಂ. ಚಿಗಟೇರಿ ಮನೆತನದ ಹೆಸರಿನ ದೊಡ್ಡಾಸ್ಪತ್ರೆ. ಹದಡಿ ರಸ್ತೆಯಲ್ಲಿ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಹೆಸರಿನ ಯು.ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು. ಅದು ಶುರುವಾದದ್ದು 1951ರಲ್ಲಿ. ಆಗ ಇಡೀ ರಾಜ್ಯದಲ್ಲಿ ಎಂಜಿನಿಯರಿಂಗ್ ಕಾಲೇಜುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಒಂದು ತಾಲ್ಲೂಕು ಕೇಂದ್ರಕ್ಕೆ ಅಂಥದ್ದೊಂದು ಬಂದದ್ದು ಸಣ್ಣ ಮಾತಲ್ಲ.

ಅಡಿಕೆ, ಹತ್ತಿ, ಬಟ್ಟೆಯಲ್ಲಿ ದುಡ್ಡು ಮಾಡಿದ ಮನೆತನಗಳು ಊರಿಗೆ ಶಾಲೆ, ಛತ್ರ, ಆಸ್ಪತ್ರೆ ಬಿಟ್ಟುಹೋದವು. ಅವೆಲ್ಲ ಆಗ ಊರ ಹೊರಗೇ ಇದ್ದವು. ಹೊರಗೆ ಜಾಗ ಸಿಕ್ಕಿತು, ಅಲ್ಲಿ ಕಟ್ಟಿದರು. ಕಾಲೇಜಿಗೆ ಬಂದ ಮೇಷ್ಟ್ರುಗಳು ಹತ್ತಿರದಲ್ಲೇ ಮನೆ ಮಾಡಿದರು, ಹುಡುಗರಿಗೆ ಹಾಸ್ಟೆಲ್ ಬಂತು, ಖಾನಾವಳಿ ಬಂತು, ಪುಸ್ತಕದಂಗಡಿ ಬಂತು, ಬೆಣ್ಣೆದೋಸೆ ಹೋಟೆಲ್ ಬಂತು. ಹೀಗೆ ಮೊದಲು ಎಲ್ಲರಿಗೂ ಬೇಕಾದ್ದು, ಆಮೇಲೆ ಮನೆಗಳು. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆ ಇದನ್ನೇ ಇನ್ನೂ ದೊಡ್ಡದಾಗಿ ಮಾಡಿತು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಿ.ಐ.ಇ.ಟಿ. ಎಂಜಿನಿಯರಿಂಗ್ ಕಾಲೇಜು. ಎಂ.ಸಿ.ಸಿ. ಬಡಾವಣೆ, ವಿದ್ಯಾನಗರ, ಶಾಮನೂರು ಕಡೆ ಊರು ಬೆಳೆದ ದಿಕ್ಕನ್ನು ಹೆಚ್ಚುಕಡಿಮೆ ಈ ಕಾಲೇಜುಗಳೇ ನಿರ್ಧರಿಸಿದವು. ತೋಳಹುಣಸೆಯದ್ದೂ ಅದೇ ದಾರಿ. 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ, ಆಮೇಲೆ ಕುವೆಂಪು ವಿಶ್ವವಿದ್ಯಾಲಯದ್ದು, 2009ರಿಂದ ದಾವಣಗೆರೆ ವಿಶ್ವವಿದ್ಯಾಲಯ.

ಗಿರಣಿಗಳು ಹೋದವು, ಹೆಸರುಗಳು ಉಳಿದವು

ಕರ್ನಾಟಕದ ಮ್ಯಾಂಚೆಸ್ಟರ್ ಅಂತ ದಾವಣಗೆರೆಗೆ ಹೆಸರು ಬಂದದ್ದು ಶಾಲೆ ಪುಸ್ತಕದಲ್ಲಿ ಎಲ್ಲರೂ ಓದಿರುವ ವಿಷಯ. 1930ರ ದಶಕದಲ್ಲಿ ರಾಜನಹಳ್ಳಿ ಹನುಮಂತಪ್ಪನವರು ದಾವಣಗೆರೆ ಕಾಟನ್ ಮಿಲ್, ಅಂದರೆ ಡಿ.ಸಿ.ಎಂ. ಕಟ್ಟಿದರು. ಆಮೇಲೆ ಶಂಕರ್, ಗಣೇಶ, ಚಂದ್ರೋದಯ, ಆಂಜನೇಯ, ತೋಳಹುಣಸೆ ಹತ್ತಿರ ಯಲ್ಲಮ್ಮ ಮಿಲ್. ಸುತ್ತಲಿನ ಎರೆಹೊಲಗಳಲ್ಲಿ ಹತ್ತಿ ಬೆಳೆಯುತ್ತಿತ್ತು, ರೈಲು ಬಾಗಿಲಲ್ಲೇ ಇತ್ತು, ಹಣ ಹೂಡುವ ವರ್ತಕರು ಊರಲ್ಲೇ ಇದ್ದರು. ಮೂರು ಪಾಳಿ ಕೆಲಸ. ಹಳ್ಳಿಗಳಿಂದ ಬಂದವರಿಗೆ ಗಿರಣಿ ಹತ್ತಿರವೇ ಮನೆ ಬೇಕು. ಹಾಗೆ ಊರಿನ ಅಂಚಿನಲ್ಲಿ ಕಾರ್ಮಿಕರ ಕೇರಿಗಳು ಎದ್ದವು.

ಈ ಕೇರಿಗಳಲ್ಲಿ ಯಾರೂ ನಕ್ಷೆ ಹಾಕಿ ಪಾರ್ಕ್ ಬಿಡಲಿಲ್ಲ. ಬಹಳಷ್ಟು ಕಡೆ ಜನ ಗುಡಿಸಲು ಹಾಕಿ, ಆಮೇಲೆ ಹೋರಾಡಿ ಹಕ್ಕುಪತ್ರ ಪಡೆದರು, ನಲ್ಲಿ ಹಾಕಿಸಿಕೊಂಡರು, ಲೈಟ್ ಕಂಬ ನೆಡಿಸಿಕೊಂಡರು. ಇಲ್ಲಿ ಕಾರ್ಮಿಕ ಸಂಘ ಎಂದರೆ ಬರೀ ಸಂಬಳ, ಬೋನಸ್ಸಿನ ವಿಷಯ ಆಗಿರಲಿಲ್ಲ. ಮನೆ, ನೀರು, ಪಡಿತರ ಎಲ್ಲದಕ್ಕೂ ಅದೇ ಬಾಗಿಲು. ಗಿರಣಿ ಕಾರ್ಮಿಕರ ನಾಯಕರಾಗಿದ್ದ ಕಾಮ್ರೇಡ್ ಪಂಪಾಪತಿ ಮೂರು ಬಾರಿ ಇಲ್ಲಿಂದ ಶಾಸಕರಾದರು. ಇವತ್ತಿನ ದಾವಣಗೆರೆ ರಾಜಕೀಯ ನೋಡುವವರಿಗೆ ಇದು ನಂಬಲು ಕಷ್ಟ. ಆದರೆ ಅಶೋಕ ರಸ್ತೆಯಲ್ಲಿ ಅವರ ಹೆಸರಿನ ಭವನ ಇದೆ. ಇಂಥ ಜಾಗಗಳನ್ನೂ ನಾವು ಹೆಗ್ಗುರುತು ಅಂತಲೇ ನೋಡಬೇಕು. ಕುಂದವಾಡ ಕೆರೆ ಪಕ್ಕದ ಗಾಜಿನ ಮನೆ ತೋರಿಸಲು ನೆಂಟರನ್ನು ಕರೆದುಕೊಂಡು ಹೋಗುವ ನಾವು, ಈ ಊರಿನ ಸಾವಿರಾರು ಮನೆಗಳ ಒಲೆ ಉರಿಸಿದ ಗಿರಣಿಗಳು ಎಲ್ಲಿದ್ದವು ಅಂತ ತೋರಿಸುವುದಿಲ್ಲ, ಅಲ್ವಾ?

1980ರ ದಶಕದಿಂದ ಗಿರಣಿಗಳು ಒಂದೊಂದಾಗಿ ಕುಸಿದವು. ಹಳೇ ಯಂತ್ರಗಳಿಗೆ ಹೊಸ ಬಂಡವಾಳ ಬರಲಿಲ್ಲ, ಪವರ್‌ಲೂಮ್ ಬಟ್ಟೆಯ ಬೆಲೆಗೆ ಪೈಪೋಟಿ ಕೊಡಲು ಆಗಲಿಲ್ಲ, ಆಡಳಿತದ ಜಗಳ, ಸಾಲ, ಮುಷ್ಕರ, ಲಾಕ್‌ಔಟ್ ಎಲ್ಲ ಸೇರಿದವು. ದೇಶದ ಹಳೇ ಜವಳಿ ಊರುಗಳಿಗೆಲ್ಲ ಆದದ್ದೇ ಇಲ್ಲೂ ಆಯಿತು. ಹರಿಹರದಲ್ಲಿ 1941ರಲ್ಲಿ ಶುರುವಾಗಿದ್ದ ಮೈಸೂರು ಕಿರ್ಲೋಸ್ಕರ್ ಕೂಡ ಆಮೇಲೆ ಮುಚ್ಚಿತು. ಅವಳಿ ಊರುಗಳೆರಡೂ ದುಡಿಮೆಯ ಬುಡ ಕಳೆದುಕೊಂಡವು.

ಗಿರಣಿ ಮುಚ್ಚಿದಮೇಲೆ ಉಳಿದದ್ದು ನೆಲ. ಊರು ಅಷ್ಟರಲ್ಲಿ ಗಿರಣಿಗಳನ್ನು ದಾಟಿ ಮುಂದೆ ಹೋಗಿತ್ತು, ನೆಲಕ್ಕೆ ಚಿನ್ನದ ಬೆಲೆ ಬಂದಿತ್ತು. ಈಗ ಡಿ.ಸಿ.ಎಂ. ಟೌನ್‌ಶಿಪ್ ಇದೆ, ಆಂಜನೇಯ ಕಾಟನ್ ಮಿಲ್ ಬಡಾವಣೆ ಇದೆ. ಆ ಕಡೆ ಸೈಟು ಕೊಂಡ ಹೊಸಬರ ಮಕ್ಕಳಿಗೆ ಡಿ.ಸಿ.ಎಂ. ಎಂದರೆ ರೈಲು ಹಳಿಯ ಕೆಳಗಿನ ಅಂಡರ್‌ಪಾಸ್, ಮಳೆ ಬಂದರೆ ನೀರು ನಿಲ್ಲುವ ಜಾಗ. ಮಿಲ್ಲಿನ ಹೆಸರು ಅನ್ನೋದು ಗೊತ್ತಿರುವುದಿಲ್ಲ. ಮುಂಬೈಯಲ್ಲಿ, ಅಹಮದಾಬಾದಿನಲ್ಲಿ ಗಿರಣಿ ನೆಲದ ಒಂದು ಪಾಲನ್ನು ಸಾರ್ವಜನಿಕರಿಗೆ ಉಳಿಸಬೇಕು ಅಂತ ದೊಡ್ಡ ಚರ್ಚೆಗಳೇ ಆದವು. ಸೋತರೋ ಗೆದ್ದರೋ, ಮಾತಂತೂ ಆಡಿದರು. ನಮ್ಮಲ್ಲಿ ಆ ಮಾತು ಹುಟ್ಟಲೇ ಇಲ್ಲ ಅನ್ನೋದು ನನಗೆ ಬೇಜಾರಿನ ವಿಷಯ. ಒಂದೇ ಒಂದು ಗೋದಾಮನ್ನು, ಒಂದು ಚಿಮಣಿಯನ್ನು, ಒಂದು ಗೇಟನ್ನು ಉಳಿಸಿಕೊಂಡು ಅಲ್ಲೊಂದು ಓದುವ ಕೋಣೆ ಮಾಡಿದ್ದರೂ ಸಾಕಿತ್ತು.

ನುಂಗಿಹೋದ ಹಳ್ಳಿಗಳು

ಬಡಾವಣೆ ಎಂದರೆ ಖಾಲಿ ನೆಲದ ಮೇಲೆ ಬರುವುದು ಅಂತ ನಕ್ಷೆ ನೋಡಿದರೆ ಅನಿಸುತ್ತೆ. ದಾವಣಗೆರೆ ಸುತ್ತ ಖಾಲಿ ನೆಲ ಎಲ್ಲಿತ್ತು? ನಿಟ್ಟುವಳ್ಳಿ, ಶಾಮನೂರು, ಆವರಗೆರೆ, ಯರಗುಂಟೆ, ಕರೂರು, ಹಳೇ ಕುಂದವಾಡ, ಬಸಾಪುರ, ಆನೆಕೊಂಡ ಎಲ್ಲ ತಮ್ಮದೇ ದೇವರು, ಕೆರೆ, ಕಣ, ಅಗಸೆ ಇದ್ದ ಹಳ್ಳಿಗಳು. ಈಗ ಅವು ಪಾಲಿಕೆಯ 45 ವಾರ್ಡುಗಳ ಒಳಗೋ, ಅಂಚಿನಲ್ಲೋ ಇವೆ. ನೇರ ರಸ್ತೆಯ ಬಡಾವಣೆಯಲ್ಲಿ ನಡೆದು ಹೋಗುತ್ತಿದ್ದಂತೆ ಇದ್ದಕ್ಕಿದ್ದಂತೆ ರಸ್ತೆ ಕಿರಿದಾಗಿ ಡೊಂಕಾದರೆ, ಅಲ್ಲಿಗೆ ಹಳೇ ಗ್ರಾಮಠಾಣ, ಅಂದರೆ ಹಳ್ಳಿಯ ಮನೆಗಳಿದ್ದ ಮೂಲ ಜಾಗ ಬಂತು ಅಂತ ಲೆಕ್ಕ. ಒಂದು ಕಟ್ಟೆ, ಬೇವಿನ ಮರ, ಆಂಜನೇಯನ ಗುಡಿ, ಎತ್ತಿನ ಬದಲು ಈಗ ಟ್ರ್ಯಾಕ್ಟರ್ ನಿಂತಿರುವ ಅಂಗಳ.

ಆನೆಕೊಂಡದ್ದೇ ತಗೊಳ್ಳಿ. ಊರಿಗೆ ಅಂಟಿಕೊಂಡಂತೆಯೇ ಇದೆ. ಅಲ್ಲಿ ಚಾಲುಕ್ಯ ಶೈಲಿಯ ಹಳೆಯ ಕಲ್ಲಿನ ಈಶ್ವರ ದೇವಸ್ಥಾನ ಇದೆ. ದಾವಣಗೆರೆಯಲ್ಲಿ ನೋಡಲು ಹಳೆಯದು ಏನೂ ಇಲ್ಲ, ಹಳೆಯದು ಬೇಕೆಂದರೆ ಹರಿಹರಕ್ಕೋ ಬಾಗಳಿಗೋ ಹೋಗಿ ಅನ್ನುವವರಿಗೆ ನಾನು ಮೊದಲು ಹೇಳುವುದು ಆನೆಕೊಂಡದ ಹೆಸರು. ಶ್ರಾವಣದಲ್ಲಿ ಇಲ್ಲಿನ ಬಸವೇಶ್ವರನ ಕಾರ್ಣಿಕ, ಅಂದರೆ ಭವಿಷ್ಯ ನುಡಿಯುವ ಆಚರಣೆ ನಡೆಯುತ್ತೆ. ಮಳೆ ಬೆಳೆ ಹೇಗೆ, ರಾಜಕೀಯ ಹೇಗೆ ಅಂತ ಕಾರ್ಣಿಕದ ನುಡಿಗೆ ಅರ್ಥ ಹುಡುಕುವ ರೈತರ ಜೊತೆ ಈಗ ಸುತ್ತಲಿನ ಬಡಾವಣೆಯವರೂ ನಿಂತಿರುತ್ತಾರೆ. ಹೊಲವೇ ಇಲ್ಲದವರು ಬೆಳೆಯ ಮಾತು ಕೇಳಲು ಬರುತ್ತಾರೆ. ಹೊಸ ಬಡಾವಣೆಗೆ ಹಳೇ ಹಳ್ಳಿ ಏನು ಕೊಡಬಲ್ಲದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ. ಅಪರಿಚಿತರೆಲ್ಲ ವರ್ಷಕ್ಕೊಮ್ಮೆಯಾದರೂ ಒಂದು ಕಡೆ ಸೇರಲು ಕಾರಣ ಕೊಡುತ್ತೆ.

ಕುಂದವಾಡದ ವಿಷಯ ಬೇರೆ. ಅಲ್ಲಿ ಹಳ್ಳಿಗಿಂತ ಕೆರೆಯೇ ಮುಖ್ಯವಾಯಿತು. 1960ರ ದಶಕದಲ್ಲಿ ಭದ್ರಾ ನೀರು ಕಾಲುವೆಯಲ್ಲಿ ಈ ಕಡೆ ಹರಿದಮೇಲೆ ದಾವಣಗೆರೆ ಸುತ್ತಲಿನ ಲಕ್ಷಣವೇ ಬದಲಾಯಿತು. ಜೋಳ, ಹತ್ತಿಯ ಹೊಲಗಳು ಭತ್ತದ ಗದ್ದೆಯಾದವು, ರೈಸ್‌ಮಿಲ್ಲುಗಳು ಎದ್ದವು. ಕುಡಿಯಲು ತುಂಗಭದ್ರೆಯ ನೀರು ಒಂದು ಕಡೆಯಿಂದ, ಭದ್ರಾ ಕಾಲುವೆಯ ನೀರು ಇನ್ನೊಂದು ಕಡೆಯಿಂದ. ಕಾಲುವೆ ವರ್ಷಪೂರ್ತಿ ಹರಿಯುವುದಿಲ್ಲ. ನೀರು ಬಿಟ್ಟಾಗ ತುಂಬಿಟ್ಟುಕೊಳ್ಳಲು ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ ಬೇಕು. ಬೇಸಿಗೆಯಲ್ಲಿ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತೆ ಅನ್ನೋದು ಈ ಕೆರೆಗಳ ಮಟ್ಟದ ಮೇಲೆ ನಿಂತಿದೆ.

ಈಗ ಕುಂದವಾಡ ಕೆರೆ ಅಂದರೆ ವಾಕಿಂಗ್. ಬೆಳಗಿನ ಜಾವದಿಂದಲೇ ಏರಿ ಮೇಲೆ ಜನ. ಪಕ್ಕದಲ್ಲೇ ತೋಟಗಾರಿಕೆ ಇಲಾಖೆಯ ಗಾಜಿನ ಮನೆ, 2018ರಲ್ಲಿ ತೆರೆದದ್ದು. ಲಾಲ್‌ಬಾಗಿನ ಗಾಜಿನ ಮನೆಯ ಮಾದರಿ, ಅದಕ್ಕಿಂತ ದೊಡ್ಡದು. ಇದರಿಂದ ಆ ಭಾಗದ ಸೈಟುಗಳ ಬೆಲೆ ಏರಿತು, ಲೇಔಟುಗಳು ಬಂದವು. ಕೆರೆ ಬಗ್ಗೆ ಜನರಿಗೆ ಪ್ರೀತಿಯೂ ಬಂತು, ಅದು ಒಳ್ಳೆಯದೇ. ಆದರೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಏರಿಗೆ ಕಲ್ಲು, ಕಾಂಕ್ರೀಟಿನ ಕೆಲಸ ಶುರುವಾದಾಗ ಪರಿಸರದ ಕಾಳಜಿ ಇರುವವರು ತಕರಾರು ತೆಗೆದರು. ಗಿಡಗಂಟಿ ಇದ್ದ ದಡದಲ್ಲಿ ಹಕ್ಕಿ ಗೂಡು ಕಟ್ಟುತ್ತೆ, ಕಲ್ಲು ಹಾಸಿದ ದಡದಲ್ಲಿ ಕಟ್ಟಲ್ಲ. ನನಗೆ ಅವರ ಮಾತು ಸರಿ ಅನಿಸುತ್ತೆ. ಕೆರೆಗೆ ಮೂರು ಕೆಲಸ ಇವೆ: ಊರಿಗೆ ನೀರು ಕೊಡುವುದು, ಹಕ್ಕಿಗಳಿಗೆ ಜಾಗ ಕೊಡುವುದು, ನಮಗೆ ಓಡಾಡಲು ಜಾಗ ಕೊಡುವುದು. ಈ ಮೂರರಲ್ಲಿ ನಮ್ಮ ವಾಕಿಂಗ್ ಕೊನೆಯದು. ಅದನ್ನೇ ಮೊದಲು ಮಾಡಿದರೆ ಕೆರೆ ಪಾರ್ಕಿನ ಕೊಳ ಆಗಿಬಿಡುತ್ತೆ.

ಹಳೇ ದಾವಣಗೆರೆಯ ಅಂಚಿನಲ್ಲಿರುವ ಮಂಡಕ್ಕಿ ಭಟ್ಟಿಯನ್ನೂ ಇಲ್ಲೇ ಹೇಳಬೇಕು. ಹೊರವಲಯ ಎಂದರೆ ನಮಗೆ ಪಿ.ಜೆ., ವಿದ್ಯಾನಗರದ ಕಡೆ ಮಾತ್ರ ಕಣ್ಣು ಹೋಗುತ್ತೆ. ಆಜಾದ್ ನಗರ, ಬಾಷಾ ನಗರದ ಕಡೆಯದೂ ಹೊರವಲಯವೇ. ಅಲ್ಲಿ ಬೆಳಗ್ಗೆಯೇ ಕೆಲಸ ಶುರು. ಭತ್ತವನ್ನು ನೆನೆಸಿ, ಹುರಿದು, ಹೊಟ್ಟು ತೆಗೆಸಿ, ಅಕ್ಕಿಗೆ ಉಪ್ಪು ನೀರು ಬೆರೆಸಿ ಒಣಗಿಸಬೇಕು. ಆಮೇಲೆ ಕಾದ ಮರಳಿಗೆ ಹಾಕಿ ಆಡಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳಿ ಮಂಡಕ್ಕಿ. ಒಲೆಯ ಮುಂದೆ ನಿಂತವರ ಮುಖ, ತೋಳು ಕಾವಿಗೆ ಕಂದಿರುತ್ತೆ. ಹೊಗೆ ಇಡೀ ಬಡಾವಣೆಗೆ ಹರಡುತ್ತೆ. ಸಂಜೆ ನಾವು ಮಿರ್ಚಿ ಮಂಡಕ್ಕಿ ತಿನ್ನುವುದರ ಹಿಂದೆ ಈ ಹೊಗೆ ಇದೆ. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆ ಬಂದಾಗ, ಯೋಜನೆಯ ಮುಖ್ಯ ಭಾಗಗಳಲ್ಲಿ ಮಂಡಕ್ಕಿ ಭಟ್ಟಿ ಪ್ರದೇಶದ ಸುಧಾರಣೆಯೂ ಒಂದಾಗಿತ್ತು. ಗಾಜಿನ ಮನೆ ಸುತ್ತಲಿನ ಬೆಳವಣಿಗೆಗೆ ಬಂದ ವೇಗ ಆ ಕಡೆಗೆ ಬರಲಿಲ್ಲ. ಸ್ವಂತ ದುಡಿಮೆಯಿಂದ ಹೆಸರು ಮಾಡಿದ ಒಂದು ಬಡಾವಣೆಗೆ ಶುದ್ಧ ಗಾಳಿ ಕೊಡಲು ಆಗದಿದ್ದರೆ ಅದನ್ನು ಹಿನ್ನಡೆ ಅನ್ನದೆ ಇನ್ನೇನು ಅನ್ನೋಣ?

ಈಗಿನ ಅಂಚು

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು, ಚಿತ್ರದುರ್ಗದಿಂದ ಬೇರೆಯಾಯಿತು. ಜೆ.ಎಚ್. ಪಟೇಲರು ಆಗ ಮುಖ್ಯಮಂತ್ರಿ. ಜಿಲ್ಲಾಧಿಕಾರಿ ಕಚೇರಿ ಹರಿಹರದ ದಿಕ್ಕಿನಲ್ಲಿ, ಕರೂರಿನ ಹತ್ತಿರ ಬಂತು. ಊರು ಆ ಕಡೆಗೂ ಎಳೆಯಿತು. ಹೆದ್ದಾರಿಯ ಬೈಪಾಸ್ ಬಂದಮೇಲೆ ಅದರ ಆಚೆ ಈಚೆಯ ಗದ್ದೆಗಳಿಗೆ ರಾತ್ರೋರಾತ್ರಿ ಬೆಲೆ ಬಂತು. 2007ರಲ್ಲಿ ಮಹಾನಗರ ಪಾಲಿಕೆ. ದಾವಣಗೆರೆ, ಹರಿಹರ ಎರಡೂ ಒಂದೇ ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ದೂಡಾದ ಕೆಳಗೆ ಬರುತ್ತವೆ. ಎರಡು ಊರುಗಳ ನಡುವೆ ಸುಮಾರು 14 ಕಿ.ಮೀ. ಅದು ತುಂಬಿಕೊಳ್ಳುವುದು ಇನ್ನು ಸಮಯದ ಮಾತು.

ಇಲ್ಲಿ ಎರಡು ಬಗೆಯ ಬೆಳವಣಿಗೆ ಇದೆ, ವ್ಯತ್ಯಾಸ ಗೊತ್ತಿರಬೇಕು. ಒಂದು, ಹೊಲವನ್ನು ಕನ್ವರ್ಷನ್ ಮಾಡಿಸಿ, ಅಂದರೆ ಕೃಷಿಯೇತರ ಬಳಕೆಗೆ ಬದಲಾಯಿಸಿಕೊಂಡು, ದೂಡಾದಿಂದ ನಕ್ಷೆಗೆ ಒಪ್ಪಿಗೆ ಪಡೆದು ಮಾಡುವ ಲೇಔಟ್. ಇದರಲ್ಲಿ ರಸ್ತೆ, ಪಾರ್ಕ್, ನಾಗರಿಕ ಸೌಲಭ್ಯದ ನಿವೇಶನ, ಅಂದರೆ ಸಿ.ಎ. ಸೈಟು ಇಷ್ಟಿಷ್ಟು ಅಂತ ಬಿಡಲೇಬೇಕು, ಪತ್ರ ಬರೆದು ಸರ್ಕಾರಿ ಸಂಸ್ಥೆಗೆ ಒಪ್ಪಿಸಬೇಕು. ಇನ್ನೊಂದು ರೆವಿನ್ಯೂ ಸೈಟು. ಕನ್ವರ್ಷನ್ ಇಲ್ಲ, ಒಪ್ಪಿಗೆ ಇಲ್ಲ. ಹೊಲವನ್ನೇ ಗುಂಟೆ ಲೆಕ್ಕದಲ್ಲಿ ಚೂರು ಮಾಡಿ ಮಾರುವುದು. ಬೆಲೆ ಕಡಿಮೆ, ಹಾಗಾಗಿ ಕೈಯಲ್ಲಿ ಕಾಸು ಕಮ್ಮಿ ಇರುವವರು ಅಲ್ಲಿಗೇ ಹೋಗುತ್ತಾರೆ. ಅವರನ್ನು ದೂರಿ ಪ್ರಯೋಜನ ಇಲ್ಲ. ಒಪ್ಪಿಗೆ ಪಡೆದ ಲೇಔಟಿನ ಸೈಟು ಅವರ ಕೈಗೆ ಎಟುಕುವುದಿಲ್ಲ. ಬಿ-ಖಾತೆಯಿಂದ ಅವರಿಗೆ ತೆರಿಗೆ ಕಟ್ಟುವ ದಾರಿಯಾಯಿತು, ಒಂದು ದಾಖಲೆ ಸಿಕ್ಕಿತು. ಸ್ವಲ್ಪ ನೆಮ್ಮದಿ. ಆದರೆ ಬಿಡದೇ ಇದ್ದ ಪಾರ್ಕು, ಬಿಡದೇ ಇದ್ದ ಶಾಲೆ ಜಾಗ ಖಾತೆಯಿಂದ ಹುಟ್ಟುವುದಿಲ್ಲ. ಮಳೆನೀರು ಹರಿಯುವ ಹಳ್ಳದ ಮೇಲೆ ಮನೆ ಎದ್ದಿದ್ದರೆ ಖಾತೆ ಬಂದಮೇಲೂ ನೀರು ಅಲ್ಲೇ ಬರುತ್ತೆ.

ಒಪ್ಪಿಗೆ ಪಡೆದ ಲೇಔಟುಗಳೂ ಎಲ್ಲ ಸರಿ ಇವೆ ಅಂತಲ್ಲ. ಪಾರ್ಕ್ ಅಂತ ನಕ್ಷೆಯಲ್ಲಿ ಇರುತ್ತೆ, ಜಾಗದಲ್ಲಿ ಪಾರ್ಥೇನಿಯಂ ಬೆಳೆದಿರುತ್ತೆ. ಬೇರೆ ಯಾವುದಕ್ಕೂ ಬಾರದ ಮೂಲೆ, ಹೈಟೆನ್ಷನ್ ತಂತಿ ಕೆಳಗಿನ ಪಟ್ಟಿ, ಹಳ್ಳದ ದಂಡೆ ಪಾರ್ಕಿನ ಲೆಕ್ಕಕ್ಕೆ ಸೇರುತ್ತೆ. ಸಿ.ಎ. ಸೈಟನ್ನು ಪ್ರಾಧಿಕಾರ ಸಂಘ ಸಂಸ್ಥೆಗಳಿಗೆ ಗುತ್ತಿಗೆ ಕೊಡಬಹುದು. ಯಾರಿಗೆ ಕೊಟ್ಟರು, ಅಲ್ಲಿ ಏನು ಬಂತು ಅಂತ ಅಕ್ಕಪಕ್ಕದ ಮನೆಯವರಿಗೇ ಗೊತ್ತಿರುವುದಿಲ್ಲ. ತವನಪ್ಪನವರ್, ಚಿಗಟೇರಿ, ರಾಜನಹಳ್ಳಿ ಮನೆತನದವರು ಕಾನೂನು ಹೇಳಿತು ಅಂತ ಜಾಗ, ಹಣ ಕೊಟ್ಟವರಲ್ಲ. ಈಗ ಕಾನೂನೇ ಜಾಗ ಬಿಡಿಸುತ್ತಿದೆ. ಆದರೂ ಆ ಜಾಗದಲ್ಲಿ ಏನೂ ಏಳುತ್ತಿಲ್ಲ. ಬೇಕಾದ್ದು ನಾಲ್ಕು ಎಕರೆ ಕಾಲೇಜೇ ಆಗಬೇಕೆಂದಿಲ್ಲ. ಅಂಗನವಾಡಿ, ಗ್ರಂಥಾಲಯ, ಕ್ಲಿನಿಕ್, ವಾರದ ಸಂತೆ ಕಟ್ಟೆ, ಹುಡುಗರಿಗೆ ಕ್ರಿಕೆಟ್ ಆಡಲು ಬಯಲು, ಏನೋ ಒಂದು. ಹೈಸ್ಕೂಲ್ ಮೈದಾನದಂಥದ್ದು ಊರ ನಡುವೆ ಒಂದೇ ಇದೆ. ಸಭೆ, ಸರ್ಕಸ್, ಪಟಾಕಿ ಅಂಗಡಿ, ಆಟ ಎಲ್ಲ ಅದರ ಮೇಲೇ ಬೀಳುತ್ತೆ.

ಹಾಗಾದರೆ ಏನು ಮಾಡಬಹುದು? ಮೊದಲ ಕೆಲಸಕ್ಕೆ ದುಡ್ಡೇ ಬೇಡ. ಪ್ರತಿ ವಾರ್ಡಿನಲ್ಲಿ ಯಾವ ಪಾರ್ಕ್ ಎಲ್ಲಿದೆ, ಯಾವ ಸಿ.ಎ. ಸೈಟು ಯಾರ ಹೆಸರಲ್ಲಿದೆ, ಅಳತೆ ಎಷ್ಟು ಅಂತ ಕನ್ನಡದಲ್ಲಿ ಬರೆದು ಆಯಾ ವಾರ್ಡಿನಲ್ಲೇ ಬೋರ್ಡ್ ಹಾಕಬಹುದು. ಜಾಗ ಇದೆ ಅಂತ ಗೊತ್ತಾದರೆ ಕಾಯುವವರು ತಾವಾಗೇ ಹುಟ್ಟುತ್ತಾರೆ. ಬಿ-ಖಾತೆ ಕೊಟ್ಟ ಬಡಾವಣೆಗಳಲ್ಲಿ ಅಲ್ಲಿಂದ ಬಂದ ಹಣದ ಒಂದು ಪಾಲನ್ನು ಅಲ್ಲೇ ಎರಡು ಮೂರು ಸೈಟು ಕೊಂಡು ಸಾರ್ವಜನಿಕ ಜಾಗ ಮಾಡಲು ಇಡಬೇಕು. ಈಗಲೇ ಕೊಳ್ಳದಿದ್ದರೆ ಹತ್ತು ವರ್ಷಕ್ಕೆ ಅಲ್ಲಿ ಕೊಳ್ಳಲು ಜಾಗವೇ ಇರಲ್ಲ. ಹಳ್ಳಿಗಳ ಗ್ರಾಮಠಾಣಗಳಿಗೆ ರಸ್ತೆ ಅಗಲ ಮಾಡುವ ಹೆಸರಲ್ಲಿ ಕೈಹಾಕುವ ಮುಂಚೆ ಅಲ್ಲಿನ ಕಟ್ಟೆ, ಗುಡಿ, ಬಾವಿ, ಮರಗಳನ್ನು ನಕ್ಷೆಯಲ್ಲಿ ಗುರುತು ಹಾಕಬೇಕು.

ಗಿರಣಿಗಳ ವಿಷಯದಲ್ಲಿ ಸಮಯ ಬಹಳ ಕಮ್ಮಿ ಇದೆ. ಅಲ್ಲಿ ದುಡಿದವರಲ್ಲಿ ಹಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಈಗ ಎಪ್ಪತ್ತು, ಎಂಬತ್ತರ ವಯಸ್ಸು. ಯಾವ ಗೇಟಿನಿಂದ ಒಳಗೆ ಹೋಗುತ್ತಿದ್ದರು, ಗಿರಣಿಯ ಯಾವ ವಿಭಾಗದಲ್ಲಿ ಏನು ಕೆಲಸ, ಸಂಬಳದ ದಿನ ಗೇಟಿನ ಮುಂದೆ ಯಾರ್‍ಯಾರು ಅಂಗಡಿ ಹಾಕುತ್ತಿದ್ದರು ಎಲ್ಲ ಅವರಿಗೆ ಗೊತ್ತು. ಅವರ ಮನೆಗಳಲ್ಲಿ ಗುರುತಿನ ಚೀಟಿ, ಸಂಘದ ರಶೀದಿ, ಮುಷ್ಕರದ ಕರಪತ್ರ ಟ್ರಂಕಿನ ತಳದಲ್ಲಿ ಇರಬಹುದು. ತೋಳಹುಣಸೆಯಲ್ಲಿ ವಿಶ್ವವಿದ್ಯಾಲಯ ಇದೆ, 1964ರಿಂದ ಊರಿನಲ್ಲಿ ದೃಶ್ಯಕಲಾ ಕಾಲೇಜು ಇದೆ. ಚಿತ್ರ ಬರೆಯುವ, ಫೋಟೋ ತೆಗೆಯುವ, ಮಾತು ದಾಖಲಿಸುವ ಹುಡುಗ ಹುಡುಗಿಯರಿಗೆ ಇಲ್ಲಿ ಕೊರತೆ ಇಲ್ಲ. ಡಿ.ಸಿ.ಎಂ. ಟೌನ್‌ಶಿಪ್, ಆಂಜನೇಯ ಮಿಲ್ ಬಡಾವಣೆಗಳಿಂದ ಶುರುಮಾಡಿ ಮನೆಮನೆಗೆ ಹೋಗಿ ಕೇಳುವ ಕೆಲಸವನ್ನು ಈ ವರ್ಷದ ವಿದ್ಯಾರ್ಥಿಗಳಿಗೇ ಕೊಡಬಹುದು. ಪಾಲಿಕೆ ಒಂದು ಕೋಣೆ ಕೊಟ್ಟರೆ ಸಿಕ್ಕಿದ್ದನ್ನು ಇಡಲು ಜಾಗವಾಗುತ್ತದೆ.